ಆರು ಡಿಗ್ರಿ ಇಳಿಜಾರು

ಮನುಷ್ಯ ಬಾಹ್ಯಾಕಾಶದಲ್ಲಿ ತೂಕವಿಲ್ಲದೆ ತೇಲುವಾಗ ಅವನ ರಕ್ತ ತಲೆಗೇರುತ್ತದೆ, ಮೂಳೆ ಸವೆಯುತ್ತದೆ, ಕಾಲಿನ ಮಾಂಸ ಕರಗುತ್ತದೆ. ನೆಲದ ಮೇಲೆ ಅದನ್ನೇ ತರಿಸಬೇಕೆಂದರೆ ತಲೆಯ ಕಡೆ ಆರು ಡಿಗ್ರಿ ತಗ್ಗಿಸಿದ ಮಂಚದ ಮೇಲೆ ಅವನನ್ನು ಮಲಗಿಸಿ, ಏಳಲು ಬಿಡದೆ ಇಡಬೇಕು. ಮಾಸ್ಕೋದ ಅಂಚಿನಲ್ಲಿದ್ದ ನಮ್ಮ ಸಂಸ್ಥೆಯಲ್ಲಿ ಹಾಗೆ ಮಲಗಿದವರನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅವರಿಗೆ ಮುಖ ತೊಳೆಸುತ್ತಿದ್ದೆ, ತೂಕ ಮಾಡಿದ ಊಟ ತಿನ್ನಿಸುತ್ತಿದ್ದೆ, ಅವರ ಮೂತ್ರವನ್ನು ಬಾಟಲಿಯಲ್ಲಿ ಹಿಡಿದು ಅಳೆದು ಬರೆಯುತ್ತಿದ್ದೆ. ನನ್ನ ಹೆಸರು ಕ್ಲಾವ್ದಿಯಾ. ಎಲ್ಲರೂ ಕ್ಲಾವಾ ಎನ್ನುತ್ತಿದ್ದರು. ಆಗ ನನಗೆ ಮೂವತ್ತಾರು ವರ್ಷ. ಗಂಡನನ್ನು ಬಿಟ್ಟು ಬಂದು ಸಂಸ್ಥೆಯ ವಸತಿಗೃಹದಲ್ಲಿ ಒಂದು ಕೋಣೆ ಹಿಡಿದಿದ್ದೆ.

ಆ ವರ್ಷದ ಜನವರಿಯಲ್ಲಿ ಮುನ್ನೂರು ದಿನದ ಪ್ರಯೋಗ ಶುರುವಾಯಿತು. ಅಷ್ಟು ದೀರ್ಘವಾದದ್ದನ್ನು ನಾವು ಅದುವರೆಗೆ ಮಾಡಿರಲಿಲ್ಲ. ಮಲಗಲು ಬಂದವರು ಆರು ಜನ, ಕೋಣೆಗೆ ಇಬ್ಬರಂತೆ ಮೂರು ಕೋಣೆ. ನನ್ನ ಪಾಲಿಗೆ ಬಂದದ್ದು ಮೂರನೆಯ ಕೋಣೆ. ಕಿಟಕಿ ಪಕ್ಕದ ಮಂಚ ಎಫಿಮ್ ಜರೂಬಿನ್‌ನದು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅವನಿಗೆ ನಲವತ್ತರ ಹತ್ತಿರ ವಯಸ್ಸು. ದಪ್ಪ ಕುತ್ತಿಗೆ, ಅದಕ್ಕಿಂತ ದಪ್ಪ ನಾಲಿಗೆ. ಪ್ರಯೋಗ ಮುಗಿಸಿದವರಿಗೆ ಸರದಿ ಕಾಯದೆ ಕಾರು ಸಿಗುತ್ತದೆ ಎಂದು ಬಂದವನು. ಬಾಗಿಲ ಪಕ್ಕದ ಮಂಚ ತಿಮೊಫೇಯ್ ಗರಾನಿನ್‌ನದು.

ತಿಮೊಫೇಯ್ ವೋಲ್ಗಾ ದಡದ ಒಂದು ಊರಿನಲ್ಲಿ ವಿಮಾನದ ಎಂಜಿನ್ ಕಟ್ಟುವ ಕಾರ್ಖಾನೆಯ ಎಂಜಿನಿಯರು. ಇಪ್ಪತ್ತೊಂಬತ್ತು ವರ್ಷ, ತೆಳ್ಳಗಿನ ಮೈ, ಮಾತಾಡುವಾಗ ಎದುರಿಗಿರುವವರ ಕಣ್ಣನ್ನೇ ನೋಡುವ ಅಭ್ಯಾಸ. ಗಗನಯಾತ್ರಿಯಾಗಲು ಎರಡು ಸಲ ಅರ್ಜಿ ಹಾಕಿದ್ದ; ಎರಡು ಸಲವೂ ಉತ್ತರ ಬಂದಿರಲಿಲ್ಲ. ಈ ಪ್ರಯೋಗ ಮುಗಿಸಿದವರ ಕಾಗದಪತ್ರ ಶಿಫಾರಸಿನೊಂದಿಗೆ ನೇರವಾಗಿ ಆಯ್ಕೆ ಮಂಡಳಿಗೆ ಹೋಗುತ್ತದೆ ಎಂದು ನಮ್ಮ ಮುಖ್ಯಸ್ಥೆ ಆವ್‌ಗುಸ್ತಾ ಲ್ವೋವ್ನಾ ಅವನಿಗೆ ಹೇಳಿದ್ದರು. ಕಾರ್ಖಾನೆಗೆ ರಜೆ ಬರೆದು, ತಾಯಿಯನ್ನು ಪಕ್ಕದ ಮನೆಯವರ ವಶಕ್ಕೆ ಒಪ್ಪಿಸಿ, ಹೊರಟು ಬಂದಿದ್ದ.

ಮೊದಲನೆಯ ದಿನವೇ ಚೀಟಿ ಎತ್ತುವುದಿತ್ತು. ಆರು ಜನರಲ್ಲಿ ಮೂವರು ದಿನಕ್ಕೆರಡು ಗಂಟೆ ವ್ಯಾಯಾಮ ಮಾಡುವವರು. ಅವರನ್ನು ಮಲಗಿದ ಹಾಗೆಯೇ ಹಗ್ಗಗಳಲ್ಲಿ ತೂಗುಹಾಕಿ, ಗೋಡೆಗೆ ನಿಲ್ಲಿಸಿದ ಟ್ರೆಡ್‌ಮಿಲ್ಲಿನ ಉರುಳುವ ಪಟ್ಟಿಯ ಮೇಲೆ ಓಡಿಸುತ್ತಿದ್ದೆವು. ಉಳಿದ ಮೂವರಿಗೆ ಏನೂ ಇಲ್ಲ. ಕೈಕಾಲು ಆಡಿಸದೆ, ಸುಮ್ಮನೆ ಸವೆಯುವುದು. ಆ ಸವೆತವನ್ನು ಅಳೆದರೆ ತಾನೆ ವ್ಯಾಯಾಮದ ಬೆಲೆ ಗೊತ್ತಾಗುವುದು. ಆವ್‌ಗುಸ್ತಾ ಲ್ವೋವ್ನಾ ಒಂದು ಉಣ್ಣೆ ಟೊಪ್ಪಿಯಲ್ಲಿ ಚೀಟಿಗಳನ್ನು ಹಾಕಿ ಕೋಣೆಯಿಂದ ಕೋಣೆಗೆ ಹೋದರು. ಎತ್ತಿದ ಚೀಟಿಯನ್ನು ತಾವೇ ಇಸಿದುಕೊಂಡು, ಬಿಡಿಸಿ ಓದಿ, ಕೋಟಿನ ಜೇಬಿಗೆ ಹಾಕಿಕೊಂಡರು.

"ಜರೂಬಿನ್, ವ್ಯಾಯಾಮ. ಗರಾನಿನ್, ನಿಶ್ಚಲ."

ತಿಮೊಫೇಯ್‌ನ ಮುಖ ಒಂದು ಕ್ಷಣ ಇಳಿಯಿತು. ಆಮೇಲೆ ನಕ್ಕ. "ಪರವಾಗಿಲ್ಲ. ಕಷ್ಟದ್ದು ನನಗೇ ಬಂತು. ಮಂಡಳಿಯವರು ಅದನ್ನೂ ನೋಡ್ತಾರಲ್ವಾ?"

"ನೋಡ್ತಾರೆ" ಎಂದರು ಆವ್‌ಗುಸ್ತಾ ಲ್ವೋವ್ನಾ.

ಮೊದಲ ವಾರ ಎಲ್ಲರಿಗೂ ಹಾಗೆಯೇ: ಮುಖ ಊದಿಕೊಂಡಿತು, ಮೂಗು ಕಟ್ಟಿತು, ತಲೆ ಸಿಡಿಯಿತು. ಕಣ್ಣಿನ ಸುತ್ತ ಹಿಟ್ಟು ಮೆತ್ತಿದಂತೆ ಬಾವು. ಮಲಗಿಕೊಂಡೇ ಸೂಪು ಕುಡಿಯುವುದನ್ನು ಕಲಿಯಲು ಮೂರು ದಿನ ಬೇಕಾಯಿತು. ಮಲಗಿಕೊಂಡೇ ಬೆಡ್‌ಪ್ಯಾನಿಗೆ ಹೋಗಲು ಇನ್ನೂ ಹೆಚ್ಚು. ಎಫಿಮ್ ಬೈದುಕೊಂಡೇ ಎಲ್ಲವನ್ನೂ ಮಾಡಿದ. ತಿಮೊಫೇಯ್ ಬಾಯಿ ಬಿಡಲಿಲ್ಲ. ಯಾವುದಕ್ಕೂ ದೂರಬಾರದು ಎಂದು ಅವನು ಮನಸ್ಸಿನಲ್ಲೇ ಒಂದು ಕಟ್ಟಳೆ ಹಾಕಿಕೊಂಡಿದ್ದ.

"ಲೋ, ನೋವಾದ್ರೆ ನೋವು ಅನ್ನೋ" ಎನ್ನುತ್ತಿದ್ದ ಎಫಿಮ್. "ಇಲ್ಲಿ ಅಂಕ ಕೊಡೋರು ಯಾರಿದಾರೆ?"

"ಎಲ್ಲಾ ಬರೀತಾರಲ್ಲ, ಎಫಿಮಣ್ಣ."

"ಬರೀತಾರೆ. ನಿನ್ನ ಹೂಸಿನ ಲೆಕ್ಕಾನೂ ಬರೀತಾರೆ. ಅದನ್ನ ನೋಡಿ ನಿನ್ನನ್ನ ರಾಕೆಟ್ ಹತ್ತಿಸ್ತಾರೆ ಅಂದ್ಕೊಂಡಿದೀಯಾ?"

ತಿಮೊಫೇಯ್ ನಗುತ್ತಿದ್ದ. ಅವನಿಗೆ ಸಿಟ್ಟು ಬರುತ್ತಿರಲಿಲ್ಲ. ಎಫಿಮ್‌ನನ್ನು ಕೆರಳಿಸುತ್ತಿದ್ದದ್ದು ಬಹುಶಃ ಅದೇ.

ಪ್ರತಿ ಬೆಳಿಗ್ಗೆ ನಾನು ಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ಅವನ ಮುಖ ಒರೆಸುವಾಗ ಒಂದೇ ಪ್ರಶ್ನೆ. "ಸಿಸ್ಟರ್, ಕಾಗದಪತ್ರದ ಸುದ್ದಿ ಏನಾದ್ರೂ ಬಂತಾ?" ಇನ್ನೂ ಕಾಲವಿದೆಯಲ್ಲ ಎನ್ನುತ್ತಿದ್ದೆ. ಏಪ್ರಿಲ್ ಹೊತ್ತಿಗೆ ಅವನ ತೊಡೆಗಳು ನನ್ನ ತೋಳಿನಷ್ಟಾಗಿದ್ದವು. ಎರಡು ಸಲ ಮೀನಖಂಡದಿಂದ ಮಾಂಸದ ಚೂರು ಕಿತ್ತು ಪರೀಕ್ಷೆಗೆ ಕಳಿಸಿದರು. ಆಗಲೂ ಅವನು ಚಾವಣಿ ನೋಡುತ್ತ, ನೌಕೆಯನ್ನು ನಿಲ್ದಾಣಕ್ಕೆ ಜೋಡಿಸುವ ಕ್ರಮವನ್ನು ಬಾಯಿಪಾಠ ಮಾಡುತ್ತಿದ್ದ.

ನೂರ ಹದಿನೆಂಟನೆಯ ದಿನ ಅವನ ಹೊಟ್ಟೆಯ ಎಕ್ಸ್‌ರೇ ಬಂತು. ಎಡ ಮೂತ್ರಪಿಂಡದಲ್ಲಿ ಜೋಳದ ಕಾಳಿನಷ್ಟು ಬಿಳಿ ಚುಕ್ಕೆ. ಮೂಳೆಯಿಂದ ಕರಗಿದ ಸುಣ್ಣ ಮೂತ್ರದಲ್ಲಿ ಇಳಿದು ಅಲ್ಲಿ ಕಲ್ಲು ಕಟ್ಟುತ್ತಿತ್ತು. ಎಕ್ಸ್‌ರೇಯನ್ನು ಅವನ ಕಡತದಲ್ಲಿ ಸೇರಿಸಿ ಆವ್‌ಗುಸ್ತಾ ಲ್ವೋವ್ನಾರಿಗೆ ಕೊಡಲು ಹೋದೆ. ಅವರು ಫೋನಿನಲ್ಲಿದ್ದರು. ಕುಳಿತುಕೋ ಎಂದು ಕೈ ಮಾಡಿದರು. ಕಡತ ನನ್ನ ಮಡಿಲಲ್ಲಿತ್ತು. ಸುಮ್ಮನೆ ಹಾಳೆ ತಿರುವಿದೆ.

ತಳದಲ್ಲಿ ಒಂದು ಕಾಗದವಿತ್ತು. ಹೃದಯದ ಕವಾಟದಲ್ಲಿ ಹುಟ್ಟಿನಿಂದ ಬಂದ ಸಣ್ಣ ದೋಷ. ದಿನನಿತ್ಯದ ಬಾಳಿಗೆ ತೊಂದರೆಯಿಲ್ಲ. ಬಾಹ್ಯಾಕಾಶ ಹಾರಾಟಕ್ಕೆ ಶಾಶ್ವತವಾಗಿ ಅನರ್ಹ. ಅದರ ಕೆಳಗೆ ಮುಖ್ಯಸ್ಥೆಯ ಕೈಬರಹದಲ್ಲಿ ಒಂದು ಸಾಲು: ನಿಶ್ಚಲ ಗುಂಪಿಗೆ. ತಾರೀಕು ಚೀಟಿ ಎತ್ತುವುದಕ್ಕಿಂತ ಮೂರು ವಾರ ಮೊದಲಿನದು.

ಅವರು ಫೋನ್ ಇಟ್ಟರು. ನನ್ನ ಮುಖ ನೋಡಿದರು, ಮಡಿಲಿನ ಹಾಳೆ ನೋಡಿದರು. ಆವ್‌ಗುಸ್ತಾ ಲ್ವೋವ್ನಾ ಐವತ್ತೈದು ದಾಟಿದ ಹೆಂಗಸು. ಕೂದಲನ್ನು ಬಿಗಿಯಾಗಿ ಎಳೆದು ಕಟ್ಟುತ್ತಿದ್ದರು. ಅವರು ದನಿ ಎತ್ತಿದ್ದನ್ನು ನಾನು ಕೇಳಿದ್ದೇ ಇಲ್ಲ.

"ಓದಿದ್ಯಾ?"

"ಓದಿದೆ. ಚೀಟೀಲಿ ಏನು ಬರೆದಿತ್ತು, ಆವ್‌ಗುಸ್ತಾ ಲ್ವೋವ್ನಾ?"

"ಏನೂ ಬರೆದಿರ್ಲಿಲ್ಲ."

ಅವರು ಕನ್ನಡಕ ತೆಗೆದು ಒರೆಸಿದರು.

"ನೋಡು ಕ್ಲಾವಾ. ಮೂವರು ಹಾಳಾಗಬೇಕು, ಮೂವರು ಉಳೀಬೇಕು. ಮುಂದೆ ಹಾರಬಹುದಾದವರನ್ನ ಹಾಳು ಮಾಡ್ಲಾ, ಹೇಗಿದ್ರೂ ಹಾರದವರನ್ನ ಮಾಡ್ಲಾ? ನೀನೇ ಹೇಳು."

"ಅವನಿಗೆ ಹೇಳಬಹುದಿತ್ತಲ್ಲ."

"ಹೇಳಿದ್ರೆ ಬರ್ತಿದ್ನಾ? ಈಗ ಹೇಳಿದ್ರೆ ಎದ್ದು ಹೋಗ್ತಾನೆ. ಅವನ ಜೊತೆ ನೂರ ಹದಿನೆಂಟು ದಿನದ ಮೂಳೆ ಎದ್ದು ಹೋಗುತ್ತೆ. ಮೇಲೆ ನಿಲ್ದಾಣದಲ್ಲಿ ಇವತ್ತು ಇಬ್ಬರು ಭೂಮಿ ಸುತ್ತ ತಿರುಗ್ತಾ ಇದಾರೆ. ಇಳಿದ ಮೇಲೆ ಅವರು ನಡೀತಾರೋ ತೆವಳ್ತಾರೋ ನನಗೆ ಗೊತ್ತಿಲ್ಲ. ಈ ಹುಡುಗನ ಮೂಳೆ ನೋಡಿದ್ರೆ ಗೊತ್ತಾಗುತ್ತೆ."

"ಕಲ್ಲು ಬೆಳೀತಾ ಇದೆ."

"ಬೆಳೀಲಿ. ಎಷ್ಟು ಬೇಗ ಬೆಳಿಯುತ್ತೆ ಅನ್ನೋದೂ ಬೇಕು." ಕನ್ನಡಕ ಹಾಕಿಕೊಂಡು ಕಡತವನ್ನು ತಮ್ಮ ಕಡೆಗೆ ಎಳೆದುಕೊಂಡರು. "ನಿನ್ನ ಕೋಣೆಗೆ ಹೀಟರ್ ಹಾಕಿಸಿಕೊಟ್ರಾ? ಇಲ್ಲ ಅಂದ್ರೆ ನಾನು ಹೇಳ್ತೀನಿ."

ಅದು ಬೆದರಿಕೆಯಾಗಿತ್ತೋ ಉಪಚಾರವಾಗಿತ್ತೋ ಇವತ್ತಿಗೂ ನನಗೆ ಗೊತ್ತಿಲ್ಲ. ಎರಡೂ ಇರಬಹುದು. ನಾನು ಎದ್ದು ಬಂದೆ. ಮರುದಿನ ಬೆಳಿಗ್ಗೆ ಮುಖ ಒರೆಸುವಾಗ ಅವನು ಕೇಳಿದ, "ಸುದ್ದಿ ಬಂತಾ, ಸಿಸ್ಟರ್?" ನಾನು, "ಬರುತ್ತೆ, ಇರಿ" ಎಂದೆ.

ಗುಟ್ಟು ನನ್ನಲ್ಲಿ ಹತ್ತು ದಿನ ನಿಂತಿತು. ಹನ್ನೊಂದನೆಯ ದಿನ ಎಫಿಮ್‌ಗೆ ಹೇಳಿಬಿಟ್ಟೆ. ವ್ಯಾಯಾಮದ ಕೋಣೆಯಲ್ಲಿ ಅವನ ಸೊಂಟಕ್ಕೆ ಪಟ್ಟಿ ಬಿಗಿಯುತ್ತಿದ್ದೆ, ಸುತ್ತ ಯಾರೂ ಇರಲಿಲ್ಲ. ತಿಮೊಫೇಯ್‌ಗಿಂತ ಹಿರಿಯ, ಎರಡು ಮಕ್ಕಳ ತಂದೆ; ಹೊತ್ತು ನೋಡಿ ಮೆಲ್ಲಗೆ ಹುಡುಗನಿಗೆ ತಿಳಿಸಿ ಸಮಾಧಾನ ಮಾಡಿಯಾನು ಎಂದು ನನ್ನ ಲೆಕ್ಕ. ಅಥವಾ ನನ್ನ ಭಾರ ಇನ್ನೊಬ್ಬರ ತಲೆಗೆ ದಾಟಿಸಿದರೆ ಸಾಕಾಗಿತ್ತೇನೋ.

ಎಫಿಮ್ ಹಗ್ಗಗಳಲ್ಲಿ ತೂಗುತ್ತಾ ನನ್ನ ಕಡೆ ಕತ್ತು ಹೊರಳಿಸಿದ.

"ಅಂದ್ರೆ ಇವನು ಸಾಯೋತನಕ ಹಾರಲ್ಲ."

"ಇಲ್ಲ."

"ನಾನೂ ಹಾರಲ್ಲ, ಅವನೂ ಹಾರಲ್ಲ. ಆದ್ರೆ ನನಗೆ ಕಾರು ಸಿಗುತ್ತೆ." ನಕ್ಕ. "ಸರಿ, ಪಟ್ಟಿ ಬಿಗಿ."

ಅವತ್ತು ಸಂಜೆಯ ಚಹಾ ಹೊತ್ತಿಗೆ ಅವನು ಆಟ ಶುರು ಮಾಡಿದ.

"ಲೋ ತಿಮೋಷಾ, ಮಂಡಳಿ ಮುಂದೆ ನಿಲ್ಲಿಸಿದಾಗ ಬೆಬ್ಬೆಬ್ಬೆ ಅಂದ್ರೆ ಏನ್ಮಾಡ್ತೀಯ? ಅಭ್ಯಾಸ ಬೇಡ್ವಾ? ಬಾ, ನಾನೇ ಮಂಡಳಿ."

ತಿಮೊಫೇಯ್‌ಗೆ ಖುಷಿಯೋ ಖುಷಿ. ಅಷ್ಟು ತಿಂಗಳಲ್ಲಿ ಎಫಿಮ್ ಅವನ ಕನಸಿನ ಬಗ್ಗೆ ನೆಟ್ಟಗೆ ಆಡಿದ ಮೊದಲ ಮಾತು ಅದು.

"ಪರೀಕ್ಷಾರ್ಥಿ ಗರಾನಿನ್."

"ಹಾಜರ್."

"ಎದ್ದು ನಿಂತ್ಕೊಂಡು ಉತ್ತರ ಕೊಡಯ್ಯಾ, ಮರ್ಯಾದೆ ಇಲ್ವಾ? ಸರಿ, ಮಲಗೇ ಇರು, ಮಂಡಳಿ ದೊಡ್ಡ ಮನಸ್ಸು ಮಾಡಿದೆ. ನಿಲ್ದಾಣ ನೂರು ಮೀಟರ್ ದೂರ ಇದೆ. ಎದುರಿನ ದೀಪ ಎಡಕ್ಕೆ ಜಾರ್ತಾ ಇದೆ. ಏನ್ಮಾಡ್ತೀಯ?"

"ಮೊದಲು ವೇಗ ಇಳಿಸ್ತೀನಿ. ಆಮೇಲೆ ಎಡಗೈ ಹಿಡಿಯಿಂದ ನೌಕೇನ ಪಕ್ಕಕ್ಕೆ ಸರಿಸ್ತೀನಿ. ದೀಪ ಗುರುತಿನ ನಡುವೆ ಬರೋ ತನಕ ಮುಂದೆ ಹೋಗಲ್ಲ."

"ಅಷ್ಟೊತ್ತಿಗೆ ಉಚ್ಚೆ ಬಂದ್ರೆ?"

"ಕ್ಲಾವಾ ಸಿಸ್ಟರನ್ನ ಕರೀತೀನಿ."

ಬಾಗಿಲಲ್ಲಿ ನಿಂತಿದ್ದ ಪ್ರಯೋಗಾಲಯದ ಇಬ್ಬರು ಹುಡುಗಿಯರು ನಕ್ಕರು. ತಿಮೊಫೇಯ್ ಎಲ್ಲರಿಗಿಂತ ಜೋರಾಗಿ ನಕ್ಕ.

ಆಟ ದಿನಾ ನಡೆಯತೊಡಗಿತು. ವಾರ ಕಳೆಯುವಷ್ಟರಲ್ಲಿ ಅದಕ್ಕೆ ಪ್ರೇಕ್ಷಕರು ಸೇರಿದರು. ಪಕ್ಕದ ಕೋಣೆಗಳವರು ತಮ್ಮ ಗಾಲಿಮಂಚವನ್ನು ತಳ್ಳಿಸಿಕೊಂಡು ಬಂದು ಬಾಗಿಲ ಬಳಿ ಸಾಲಾಗಿ ಮಲಗುತ್ತಿದ್ದರು. ಎಫಿಮ್ ಯಾರ ಯಾರ ಕಿವಿಯಲ್ಲಿ ಏನು ಊದಿದನೋ, ಜೂನ್ ಮುಗಿಯುವ ಹೊತ್ತಿಗೆ ಇಡೀ ಮಹಡಿಗೆ ವಿಷಯ ಗೊತ್ತಿತ್ತು. ಗೊತ್ತಿಲ್ಲದವನು ಅವನೊಬ್ಬನೇ. ಪ್ರಶ್ನೆಗಳು ದಿನದಿಂದ ದಿನಕ್ಕೆ ಬೇರೆ ಆಗುತ್ತಾ ಹೋದವು. ಹಾರುವ ಹಿಂದಿನ ದಿನ ಅಮ್ಮನಿಗೆ ಏನು ಹೇಳಿ ಬರ್ತೀಯ? ಮೇಲಿಂದ ನಿಮ್ಮೂರು ಕಂಡ್ರೆ ಯಾರಿಗೆ ಕೈ ಬೀಸ್ತೀಯ? ಅವನು ಪ್ರತಿಯೊಂದಕ್ಕೂ ಯೋಚಿಸಿ ಉತ್ತರ ಕೊಡುತ್ತಿದ್ದ. ಅಮ್ಮನಿಗೆ ಮೊದಲೇ ಹೇಳಲ್ಲ, ಮೇಲೆ ಹೋದ ಮೇಲೆ ರೇಡಿಯೋದಲ್ಲಿ ಕೇಳಲಿ, ಇಲ್ಲದಿದ್ರೆ ಅವಳಿಗೆ ನಿದ್ದೆ ಬರಲ್ಲ, ಎಂದ. ಬಾಗಿಲಲ್ಲಿ ಮಲಗಿದ್ದವನೊಬ್ಬ ದಿಂಬನ್ನು ಬಾಯಿಗೆ ಒತ್ತಿಕೊಂಡ.

ಒಂದು ಸಂಜೆ ಎಫಿಮ್ ಕೇಳಿದ, "ಪರೀಕ್ಷಾರ್ಥಿ, ನಿನ್ನ ಹೃದಯ ಹೇಗಿದೆ?"

"ಗಡಿಯಾರ ಇದ್ದ ಹಾಗಿದೆ."

"ಕೀಲಿ ಕೊಟ್ಟಿದೀಯ ತಾನೆ?"

ಬಾಗಿಲ ಬಳಿಯವರೆಲ್ಲ ಗೊಳ್ಳೆಂದು ನಕ್ಕರು. ಎಫಿಮ್ ನಗದೆ ನನ್ನ ಕಡೆ ನೋಡಿದ. ನಾನು ಕೈಯಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದೆ. ಹೇಳಿದರೆ ಯಾರೂ ನಂಬುವುದಿಲ್ಲ, ನನಗೂ ನಗು ಬಂತು. ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವ ತನಕ ನಕ್ಕೆ.

ಮರುದಿನ ಎಫಿಮ್‌ನನ್ನು ವ್ಯಾಯಾಮಕ್ಕೆ ತಳ್ಳಿಕೊಂಡು ಹೋಗುವಾಗ ಬೈದೆ. "ನಿನಗೆ ಮನುಷ್ಯತ್ವ ಇದೆಯಾ? ಸಮಾಧಾನ ಮಾಡು ಅಂತ ಹೇಳಿದ್ರೆ ಕೋತಿ ಕುಣಿಸ್ತಾ ಇದೀಯ."

"ನೀನು ಹೇಳು ಹಾಗಾದ್ರೆ. ನಿನಗೆ ಬಾಯಿಲ್ವಾ?" ಎಂದ. ಆಮೇಲೆ ಚಾವಣಿಗೆ ಹೇಳುವಂತೆ ಹೇಳಿದ, "ನಿಶ್ಚಲ ಗುಂಪಿನ ಉಳಿದಿಬ್ಬರನ್ನ ನೋಡಿದೀಯ? ಒಬ್ಬ ದಿನಾ ಅಳ್ತಾನೆ, ಇನ್ನೊಬ್ಬ ಗೋಡೆ ಕಡೆ ತಿರುಗಿ ಮಲಗಿದವನು ಮಾತೇ ಬಿಟ್ಟಿದಾನೆ. ಇವನೊಬ್ಬನೇ ಬೆಳಿಗ್ಗೆ ಎದ್ದ ತಕ್ಷಣ ನಗೋದು. ಯಾರು ಸಮಾಧಾನ ಮಾಡ್ತಾ ಇರೋದು, ಹೇಳು."

ಅವನು ಹೇಳಿದ್ದು ಸುಳ್ಳಲ್ಲ. ನಿಜವೆಂದು ಒಪ್ಪಿಕೊಳ್ಳಲೂ ಆಗಲಿಲ್ಲ.

ಇನ್ನೂರ ಹನ್ನೊಂದನೆಯ ದಿನ, ಆಗಸ್ಟ್ ತಿಂಗಳು, ಕಿಟಕಿಯಾಚೆ ಬಿಸಿಲು ಧಗಧಗಿಸುತ್ತಿತ್ತು. ಬೆಳಗಿನ ಬಾಟಲಿ ತೆಗೆಯಲು ಹೋದಾಗ ತಿಮೊಫೇಯ್ ಟವೆಲನ್ನು ಮುದ್ದೆ ಮಾಡಿ ಹಲ್ಲಲ್ಲಿ ಕಚ್ಚಿಕೊಂಡಿದ್ದ. ಹಣೆಯ ಬೆವರು ಇಳಿಜಾರಿನಲ್ಲಿ ಕೂದಲೊಳಗೆ ಹರಿಯುತ್ತಿತ್ತು. ಬಾಟಲಿಯಲ್ಲಿದ್ದದ್ದು ಹಳೆಯ ಇಟ್ಟಿಗೆಯ ಬಣ್ಣ.

"ಎಷ್ಟು ದಿನದಿಂದ?"

ಟವೆಲು ತೆಗೆದ. "ನಿನ್ನೆಯಿಂದ."

"ಸುಳ್ಳು."

"ನಾಲ್ಕು ದಿನದಿಂದ. ಬಂದು ಬಂದು ಹೋಗ್ತಾ ಇತ್ತು." ನನ್ನ ಮಣಿಕಟ್ಟು ಹಿಡಿದುಕೊಂಡ. ಆ ಹಿಡಿತದಲ್ಲಿ ಬಲವೇ ಇರಲಿಲ್ಲ. "ಸಿಸ್ಟರ್, ಬರೀಬೇಡಿ. ಕಲ್ಲು ಅಂತ ಒಂದು ಸಲ ಕಾಗದದ ಮೇಲೆ ಬಂದ್ರೆ ಮಂಡಳಿ ಅಲ್ಲೇ ಹೊಡೆದುಹಾಕುತ್ತೆ. ಬಾಟಲಿ ಕೈ ಜಾರಿ ಬಿತ್ತು ಅನ್ನಿ. ನಾಳೆ ಸರಿ ಹೋಗುತ್ತೆ."

"ಮೂತ್ರಪಿಂಡ ಹೋಗಿಬಿಡುತ್ತೆ, ತಿಮೊಫೇಯ್."

"ಎರಡಿದಾವಲ್ಲ."

ಅಲ್ಲೇ, ಆ ಗಳಿಗೆಯಲ್ಲಿ, ನಾನು ಹೇಳಬೇಕಿತ್ತು. ಮಂಡಳಿ ಇಲ್ಲ, ಪರೀಕ್ಷೆ ಇಲ್ಲ, ನೋವಾದರೆ ಕೂಗಿಕೊಳ್ಳಪ್ಪಾ ಎಂದು ಒಂದು ಮಾತು. ಎದ್ದು ಆಸ್ಪತ್ರೆಗೆ ಹೋಗುತ್ತಿದ್ದ, ಮೂತ್ರಪಿಂಡ ಉಳಿಯುತ್ತಿತ್ತು. ಆದರೆ ತೊಂಬತ್ತಮೂರು ದಿನ ಸುಮ್ಮನಿದ್ದವಳು ತೊಂಬತ್ತನಾಲ್ಕನೆಯ ದಿನ ಬಾಯಿ ಬಿಟ್ಟರೆ ಮೊದಲ ಪ್ರಶ್ನೆ ನನಗೇ ಬರುತ್ತದೆ. ಆ ಪ್ರಶ್ನೆಗೆ ಹೆದರಿದೆ. ಬಾಟಲಿ ಹಿಡಿದುಕೊಂಡು ಆವ್‌ಗುಸ್ತಾ ಲ್ವೋವ್ನಾರ ಹತ್ತಿರ ಹೋದೆ.

ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಅವನು ಏನಂತಾನೆ?"

"ಬರೀಬೇಡಿ ಅಂತಾನೆ."

"ಎದ್ದು ಹೋಗ್ತೀನಿ ಅಂದನಾ?"

"ಇಲ್ಲ."

"ಅವನೇ ದೂರು ಕೊಡದೆ ಇದ್ರೆ ನಾವು ಯಾಕೆ ಏಳಿಸಬೇಕು? ನೋವಿಗೆ ಸೂಜಿ ಹಾಕು. ನೀರು ಹೆಚ್ಚು ಕುಡಿಸು, ಕುಡಿಸಿದ್ದನ್ನ ಅಳೆದು ಬರಿ." ನಾನು ಬಾಗಿಲ ಬಳಿ ಹೋದಾಗ ಮತ್ತೆ ಕರೆದರು. "ಕ್ಲಾವಾ. ಬಾಟಲಿಯನ್ನ ಇಲ್ಲೇ ಬಿಟ್ಟು ಹೋಗು."

ಅವನು ಉಳಿದ ಎಂಬತ್ತೊಂಬತ್ತು ದಿನ ಹಾಗೆಯೇ ಕಳೆದ. ನೋವು ಬಂದಾಗ ಟವೆಲು, ಹೋದಾಗ ಬಾಯಿಪಾಠ. ಸಂಜೆ ಆಟದ ಸಮಯಕ್ಕೆ ಮುಖ ಒರೆಸಿಕೊಂಡು ಸಿದ್ಧನಾಗುತ್ತಿದ್ದ. ಸೆಪ್ಟೆಂಬರಿನಲ್ಲಿ ಅವನ ತಾಯಿ ಒಂದು ಡಬ್ಬಿ ಕರಂಟ್ ಹಣ್ಣಿನ ಜಾಮ್ ಕಳಿಸಿದಳು. ಅಳತೆಯ ಊಟದಲ್ಲಿ ಅದಕ್ಕೆ ಜಾಗವಿರಲಿಲ್ಲ. ಎಫಿಮ್ ನನ್ನನ್ನು ಪುಸಲಾಯಿಸಿ ಆ ಡಬ್ಬಿ ಇಸಿದುಕೊಂಡು, ವಾರದಲ್ಲಿ ಖಾಲಿ ಮಾಡಿ, ಬಹಳ ಚೆನ್ನಾಗಿತ್ತು ಎಂದು ತಿಮೊಫೇಯ್‌ಗೆ ವರದಿ ಕೊಟ್ಟ. "ಮಂಡಳಿಗೆ ಲಂಚ ಸಂದಾಯ ಆಗಿದೆ" ಎಂದ. ಅದಕ್ಕೂ ತಿಮೊಫೇಯ್ ನಕ್ಕ.

ಮುನ್ನೂರನೆಯ ದಿನ ಕೋಣೆ ತುಂಬ ಜನ. ಪತ್ರಿಕೆಯವರು, ಬೇರೆ ಸಂಸ್ಥೆಗಳ ವೈದ್ಯರು, ಯಾರೋ ಇಬ್ಬರು ಸೇನಾಧಿಕಾರಿಗಳು. ಸೇನಾಧಿಕಾರಿಗಳನ್ನು ಕಂಡ ಕೂಡಲೇ ತಿಮೊಫೇಯ್ ನನ್ನ ಕೈ ಹಿಂಡಿ, "ಮಂಡಳಿಯವರಾ?" ಎಂದು ಪಿಸುಗುಟ್ಟಿದ. ನಾನು ಅವನ ಅಂಗಿಯ ಗುಂಡಿ ಹಾಕುತ್ತಿದ್ದೆ. "ಗೊತ್ತಿಲ್ಲ" ಎಂದೆ.

ಮೊದಲು ಎಫಿಮ್‌ನ ಮಂಚವನ್ನು ನೆಟ್ಟಗೆ ಮಾಡಿದರು. ಬಿಳಚಿಕೊಂಡ, ವಾಲಿದ, ಆದರೆ ನಿಂತ. ಎರಡು ಕಡೆ ಇಬ್ಬರು ಹಿಡಿದುಕೊಂಡಿರಲು ಒಂಬತ್ತು ಹೆಜ್ಜೆ ನಡೆದ. ಚಪ್ಪಾಳೆ ಬಿತ್ತು. ಆಮೇಲೆ ತಿಮೊಫೇಯ್. ಮಂಚ ನೆಟ್ಟಗಾಗುತ್ತಿದ್ದಂತೆ ಅವನ ಮುಖದ ರಕ್ತ ಇಳಿಯುತ್ತಾ ಹೋದದ್ದು ಎಲ್ಲರಿಗೂ ಕಂಡಿತು. ನಾಡಿ ನೂರ ಅರವತ್ತು. ಆವ್‌ಗುಸ್ತಾ ಲ್ವೋವ್ನಾ ಪಕ್ಕದಲ್ಲಿ ಗಡಿಯಾರ ಹಿಡಿದು ನಿಂತಿದ್ದರು.

"ಒಂದು ನಿಮಿಷ ಇಪ್ಪತ್ತು ಸೆಕೆಂಡು" ಎಂದರು ಸಹಾಯಕನಿಗೆ. "ಬರ್ಕೋ."

"ನಡೀತೀನಿ" ಎಂದ ತಿಮೊಫೇಯ್, ಸೇನಾಧಿಕಾರಿಗಳ ಕಡೆ ನೋಡುತ್ತ. ಹಿಡಿದವರ ಕೈ ಬಿಡಿಸಿಕೊಂಡ. ಒಂದು ಹೆಜ್ಜೆ ಇಟ್ಟ. ಎರಡನೆಯದಕ್ಕೆ ಕಾಲು ಎತ್ತಿದಾಗ ಅವನ ಕಣ್ಣು ಮೇಲೆ ಸಿಕ್ಕಿಕೊಂಡಿತು. ಹಿಡಿಯುವಷ್ಟರಲ್ಲಿ ಬಿದ್ದಿದ್ದ. ಪಾದ ಮಡಿಚಿಕೊಂಡ ಬಗೆಯಲ್ಲೇ ಪಾದದ ಕೀಲು ಮುರಿದಿದೆ ಎಂದು ನನಗೆ ತಿಳಿಯಿತು. ಕ್ಯಾಮೆರಾದವನು ನಿಲ್ಲಿಸಬೇಕೋ ಬೇಡವೋ ಎಂದು ನೋಡುತ್ತಿದ್ದ. ಆವ್‌ಗುಸ್ತಾ ಲ್ವೋವ್ನಾ ನೆಲಕ್ಕೆ ಕೂತು, ಅವನ ತಲೆಯನ್ನು ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, ನಿಜವಾದ ಮಮತೆಯಿಂದ ಅವನ ಕೂದಲು ಸವರಿದರು. ನಾನು ಹತ್ತಿರವೇ ಇದ್ದೆ. ಅವರ ತುಟಿ ಆಡುತ್ತಿತ್ತು. ನೂರ ಅರವತ್ತು, ಎಂಬತ್ತು ಸೆಕೆಂಡು, ಒಂದು ಹೆಜ್ಜೆ. ಮರೆಯದಂತೆ ಹೇಳಿಕೊಳ್ಳುತ್ತಿದ್ದರು.

ಆಸ್ಪತ್ರೆಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿದರು. ಎಡ ಮೂತ್ರಪಿಂಡ ಕೀವು ತುಂಬಿ ಸತ್ತಿತ್ತು, ತೆಗೆದರು. ಶಸ್ತ್ರಚಿಕಿತ್ಸೆಯ ಎಂಟನೆಯ ದಿನ ಆವ್‌ಗುಸ್ತಾ ಲ್ವೋವ್ನಾ ಅವನನ್ನು ನೋಡಲು ಹೋದರು. ನನ್ನನ್ನೂ ಜೊತೆಗೆ ಕರೆದುಕೊಂಡರು. ಒಂದು ಪ್ರಶಂಸಾಪತ್ರ, ಒಂದು ಕೈಗಡಿಯಾರ, ಒಂದು ಕಿಲೋ ಕಿತ್ತಳೆ ಒಯ್ದಿದ್ದೆವು. ಅವನು ಮೂರು ದಿಂಬಿಗೆ ಒರಗಿ ಕುಳಿತಿದ್ದ. ಕುಳಿತ ಅವನನ್ನು ನಾನು ನೋಡುತ್ತಿದ್ದದ್ದು ಹತ್ತು ತಿಂಗಳಲ್ಲಿ ಅದೇ ಮೊದಲು. ಬೇರೆ ಯಾರೋ ಎನಿಸಿತು.

"ಈಗ ಒಂದೇ ಉಳಿದಿದೆ, ಮಂಡಳಿ ಒಪ್ಪಲ್ಲ ಅಲ್ವಾ?" ಎಂದ.

ಆವ್‌ಗುಸ್ತಾ ಲ್ವೋವ್ನಾ ಕುರ್ಚಿ ಎಳೆದುಕೊಂಡು ಕುಳಿತರು. ಅವರು ಮಾತು ತೇಲಿಸಲಿಲ್ಲ, ಅದೊಂದು ಅವರ ಗುಣ. "ಮೂತ್ರಪಿಂಡದ ಮಾತಲ್ಲ ಇದು, ಗರಾನಿನ್. ನಿಮ್ಮ ಹೃದಯದ ಕವಾಟದಲ್ಲಿ ದೋಷ ಇದೆ. ನೀವು ಯಾವತ್ತೂ ಅರ್ಹರಾಗಿರಲಿಲ್ಲ."

"ಇದು ಯಾವಾಗ ಗೊತ್ತಾಯ್ತು?"

"ನೀವು ಬರೋ ಮೊದಲೇ."

ಅವನು ಕಿತ್ತಳೆಯ ಚೀಲವನ್ನೇ ನೋಡಿದ. "ಚೀಟಿ?"

"ಖಾಲಿ ಚೀಟಿ."

ಪಕ್ಕದ ಹಾಸಿಗೆಯ ಮುದುಕ ರೇಡಿಯೋ ಸಣ್ಣ ಮಾಡಿದ. ತಿಮೊಫೇಯ್ ನನ್ನ ಕಡೆ ತಿರುಗಿದ, ಯಾವಾಗಲೂ ನೋಡುವಂತೆ ನೇರವಾಗಿ ಕಣ್ಣಿಗೆ.

"ನಿಮಗೆ, ಸಿಸ್ಟರ್?"

"ನೂರ ಹದಿನೆಂಟನೇ ದಿನದಿಂದ."

"ಎಫಿಮಣ್ಣನಿಗೆ?"

"ಅವನಿಗೂ."

ಅವನ ತುಟಿ ಲೆಕ್ಕ ಹಾಕಿತು. "ನೂರ ಎಂಬತ್ತೆರಡು ಬೆಳಿಗ್ಗೆ. ದಿನಾ ನನ್ನ ಮುಖ ತೊಳೆದ್ರಿ." ಕೂಗಲಿಲ್ಲ, ಅಳಲಿಲ್ಲ. ಗಡಿಯಾರದ ಪೆಟ್ಟಿಗೆಯನ್ನು ಬೆರಳ ತುದಿಯಿಂದ ಹಾಸಿಗೆಯ ಅಂಚಿನ ತನಕ ತಳ್ಳಿದ. "ಹೊರಡಿ."

ಆಮೇಲಿನ ಸುದ್ದಿ ಕೇಳಿ ಕೇಳಿ ಗೊತ್ತಾದದ್ದು. ಎಫಿಮ್‌ಗೆ ಕಾರು ಬಂತು, ಬಿಳಿ ಬಣ್ಣದ್ದು. ಸಂಸ್ಥೆಯ ಬಾಗಿಲಿಗೆ ತಂದು ನಮಗೆಲ್ಲ ತೋರಿಸಿದ. ತಿಮೊಫೇಯ್‌ನನ್ನು ನೋಡಲು ಒಮ್ಮೆ ಆಸ್ಪತ್ರೆಗೆ ಹೋಗಿದ್ದನಂತೆ. ಬಾಗಿಲ ತನಕ ಹೋಗಿ ಹಿಂದೆ ಬಂದೆ ಎಂದ. ಯಾಕೆಂದು ನಾನು ಕೇಳಲಿಲ್ಲ. ಆವ್‌ಗುಸ್ತಾ ಲ್ವೋವ್ನಾರ ಪ್ರಬಂಧ ಪ್ರಕಟವಾಗಿ ವಿದೇಶದವರೂ ಬಂದು ಅವರ ಕೈ ಕುಲುಕಿದರು. ನನ್ನನ್ನು ಹಿರಿಯ ನರ್ಸ್ ಮಾಡಿದರು, ವಸತಿಗೃಹದಲ್ಲಿ ಕಿಟಕಿ ಬಿಸಿಲಿಗೆ ತೆರೆಯುವ ಕೋಣೆ ಕೊಟ್ಟರು. ತೆಗೆದುಕೊಂಡೆ.

ಮೂರು ವರ್ಷ ಕಳೆದ ಮೇಲೆ ಒಂದು ಭಾನುವಾರ ರೈಲು ಹತ್ತಿ ಅವನ ಊರಿಗೆ ಹೋದೆ. ಯಾಕೆ ಹೋದೆನೆಂದು ಕೇಳಿದರೆ, ಕ್ಷಮೆ ಕೇಳಲು ಎಂದು ಆಗ ಹೇಳುತ್ತಿದ್ದೆ. ಬಾಗಿಲು ತೆಗೆದವಳು ಅವನ ತಾಯಿ, ಜಿನಾಯ್ದಾ ಫೊಮಿನಿಚ್ನಾ, ಗುಂಡಗಿನ ಮುದುಕಿ. ಮಾಸ್ಕೋದಿಂದ ಬಂದೆ, ಅವನನ್ನು ನೋಡಿಕೊಂಡ ನರ್ಸ್ ಎಂದೊಡನೆ ನನ್ನ ಕೋಟು ಬಿಡಿಸಿ, ಒಳಗೆ ಎಳೆದು ಕೂರಿಸಿದಳು. ಒಲೆಯ ಮೇಲೆ ಎಲೆಕೋಸಿನ ಸೂಪು ಕುದಿಯುತ್ತಿತ್ತು.

"ನೀನೇನಾ ಆ ಕ್ಲಾವಾ? ಕಾಗದದಲ್ಲೆಲ್ಲ ನಿನ್ನ ಹೆಸರೇ. ಸಿಸ್ಟರ್ ನನ್ನನ್ನ ಮಗು ಥರ ನೋಡ್ಕೊಳ್ತಾರಮ್ಮಾ ಅಂತ. ತಿಂತೀಯಾ? ತಿನ್ನು. ನೋಡು, ಎಷ್ಟು ಸೊರಗಿದೀಯ."

ತಿಮೊಫೇಯ್ ಒಳಗಿನ ಕೋಣೆಯಿಂದ ಬಂದ. ಸ್ವಲ್ಪ ಕುಂಟು. ಮುಖ ಊದಿರಲಿಲ್ಲವಾದ್ದರಿಂದ ಇನ್ನಷ್ಟು ಬಡಕಲಾಗಿ ಕಂಡ. ನನ್ನನ್ನು ನೋಡಿ ನಿಂತ. ಆಮೇಲೆ ಎದುರಿನ ಕುರ್ಚಿಯಲ್ಲಿ ಕುಳಿತು, ಚಮಚ ತೆಗೆದುಕೊಂಡ.

"ಒಂದು ಕೇಳ್ತೀನಿ ಕಣಮ್ಮಾ" ಎಂದಳು ಮುದುಕಿ ನನ್ನ ಪಕ್ಕ ಕುಳಿತು. "ಇವನು ಬಾಯೇ ಬಿಡಲ್ಲ. ಇನ್ನೊಂದಿಷ್ಟು ಅಂಕ ಬಂದಿದ್ರೆ ತಗೊಳ್ತಿದ್ರಂತೆ, ಕಾಯಿಲೆ ಬಿದ್ದಿದ್ದಕ್ಕೆ ಹೋಯ್ತಂತೆ, ಹೌದಾ? ಓಣೀಲೆಲ್ಲ ನಾನು ಹಾಗೇ ಹೇಳಿದೀನಿ."

"ಹೌದು" ಎಂದೆ ನಾನು. "ಎಲ್ಲರಿಗಿಂತ ಚೆನ್ನಾಗಿ ಮಾಡಿದ್ರು."

ತಿಮೊಫೇಯ್ ಚಮಚ ಕೆಳಗಿಟ್ಟ. "ಈಗ ನಿಜ ಹೇಳಿ."

"ತಿಮೊಫೇಯ್..."

"ಅಮ್ಮನಿಗೆ ಹೇಳಿ. ನನಗೆ ಹೇಳೋಕಾಗ್ಲಿಲ್ಲ. ಇಷ್ಟು ದೂರ ಬಂದಿದೀರಲ್ಲ, ಅವಳಿಗಾದ್ರೂ ಹೇಳಿ. ಚೀಟಿಯಿಂದ ಶುರು ಮಾಡಿ."

ಹೇಳಿದೆ. ಚೀಟಿ, ಕವಾಟ, ಕಲ್ಲು, ಸಂಜೆಯ ಆಟ. ಬಿಡಬೇಕೆಂದಲ್ಲೆಲ್ಲ ಅವನು, "ಅದಾದ ಮೇಲೆ?" ಎನ್ನುತ್ತಿದ್ದ. ರೇಡಿಯೋದಲ್ಲಿ ಕೇಳಲಿ ಎಂದಾಗ ಜನ ನಕ್ಕದ್ದನ್ನೂ ಹೇಳಿಸಿದ. ಜಾಮ್ ತಿಂದವರು ಯಾರೆಂದೂ. ನಾನು ನಕ್ಕೆನೋ ಇಲ್ಲವೋ ಎಂದೂ ಕೇಳಿದ. ನಕ್ಕೆ ಎಂದೆ. ಜಿನಾಯ್ದಾ ಫೊಮಿನಿಚ್ನಾ ನನ್ನ ಮುಖವನ್ನೂ ಮಗನ ಮುಖವನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದಳು. ನಾನು ಮುಗಿಸಿದ ಮೇಲೆ ಅವಳು ಎದ್ದು, ನನ್ನ ಮುಂದಿದ್ದ ತಟ್ಟೆ ತೆಗೆದು, ಸೂಪನ್ನು ತಿರುಗಿ ಪಾತ್ರೆಗೆ ಸುರಿದಳು. ಆಮೇಲೆ ಕುರ್ಚಿಯಲ್ಲಿ ಕುಸಿದು, ಮಗನಿಗೆ ಹೇಳಿದಳು, "ನನಗ್ಯಾಕೆ ಹೇಳಿಸಿದೆಯೋ? ನನಗೆ ಅದೊಂದಿತ್ತು."

ಅವಳ ಮಾತು ಅವನಿಗೆ ತಾಗಿತ್ತು. ಅವನ ಕಿವಿ ಕೆಂಪಾಯಿತು.

ಬಸ್ ನಿಲ್ದಾಣದ ತನಕ ಅವನೇ ಬಂದ. ಅವನ ಹೆಜ್ಜೆಗೆ ನಾನು ಹೆಜ್ಜೆ ಸಣ್ಣ ಮಾಡಿಕೊಂಡೆ. ನಿಲ್ದಾಣದಲ್ಲಿ ಯಾರೂ ಇರಲಿಲ್ಲ. ಮಧ್ಯಾಹ್ನದ ಮೂರು ಗಂಟೆ, ಮಂಜು ಕರಗಿ ರಸ್ತೆಯೆಲ್ಲ ಕೆಸರು.

"ಪ್ರಬಂಧ ಪ್ರಕಟ ಆಯ್ತಾ?" ಎಂದು ಕೇಳಿದ.

"ಆಯ್ತು. ಮೂಳೆ ಸವೆತದ ನಕ್ಷೆಯಲ್ಲಿ ನಿಮ್ಮದು ನಾಲ್ಕನೇ ಗೆರೆ. ಹೆಸರು ಹಾಕಿಲ್ಲ."

"ಮೇಲಿರೋರು ಈಗ ದಿನಾ ಓಡ್ತಾರಾ?"

"ಓಡ್ತಾರೆ. ಎರಡು ಗಂಟೆ ಕಡ್ಡಾಯ. ನಿಮ್ಮ ಗೆರೆ ನೋಡಿದ ಮೇಲೆ ಕಡ್ಡಾಯ ಮಾಡಿದ್ರು. ಹೋದ ತಿಂಗಳು ಇಳಿದವರು ತಾವೇ ಎದ್ದು ನಡೆದರು."

ಅವನು ಬೂಟಿನ ಕೆಸರನ್ನು ರಸ್ತೆಯಂಚಿಗೆ ಒರೆಸಿದ.

"ಹಾಗಾದ್ರೆ ಆವ್‌ಗುಸ್ತಾ ಲ್ವೋವ್ನಾ ಮಾಡಿದ್ದು ಸರಿ" ಎಂದ. "ನಾನು ಎಷ್ಟು ಸಲ ಲೆಕ್ಕ ಹಾಕಿದ್ರೂ ಸರಿ ಅಂತಲೇ ಬರುತ್ತೆ. ಕೇಳಿದ್ರೆ ನಾನೇ ಒಪ್ತಿದ್ದೆ, ಗೊತ್ತಾ? ಹಾರಲ್ಲ ಅಂತ ಗೊತ್ತಿದ್ರೂ ಮಲಗ್ತಿದ್ದೆ. ಯಾರೂ ಕೇಳ್ಲಿಲ್ಲ."

ಬಸ್ಸು ಬಂತು. ಹತ್ತುವಾಗ ಅವನು ನನ್ನ ಮೊಣಕೈ ಹಿಡಿದು ಮೇಲೆ ಹತ್ತಿಸಿದ, ಮರ್ಯಾದೆಯಿಂದಲೇ. "ಮತ್ತೆ ಬರಬೇಡಿ" ಎಂದ. ನಾನು ಮತ್ತೆ ಹೋಗಲಿಲ್ಲ. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋದೆ. ಹೊಸ ತಂಡ ಬಂದು ಮಲಗಿತ್ತು, ಮೊದಲ ವಾರ, ಎಲ್ಲರ ಮುಖವೂ ಊದಿತ್ತು.